ಲಾಕ್‌ಡೌನ್‌ನಲ್ಲಿ ಮನೆಮಂದಿಯೆಲ್ಲ ಸೇರಿ ಹೊತ್ತು ಕಳೆಯೋದು ಹೇಗೆ?

ವಾಣಿ_ವಿಜಯನಗರ · ಮೇ 16, 2021

ನಮಸ್ಕಾರ. ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು, ಹದಿನಾಲ್ಕರ ಮಗ, ಜೊತೆಗೆ ಮಾವ. ನಮ್ಮಿಬ್ಬರಿಗೂ ಮನೆಯಿಂದಲೇ ಕೆಲಸ. ಮಕ್ಕಳಿಗೆ ರಜೆ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ಮುಚ್ಚಿದರೆ ಮುಗಿಯಿತು, ಮರುದಿನ ಆರರವರೆಗೆ ಗೇಟು ದಾಟುವ ಹಾಗಿಲ್ಲ.

ಹೋದ ವರ್ಷ ಹೀಗಿರಲಿಲ್ಲ. ಮಾರ್ಚ್ 25ಕ್ಕೆ, ಸರಿಯಾಗಿ ಯುಗಾದಿ ದಿನವೇ ಶುರುವಾಯಿತು. 21 ದಿನ ತಾನೇ ಅಂತ ಎಲ್ಲರೂ ಕೂತು ಹೋಳಿಗೆ ತಿಂದೆವು. ಆಮೇಲೆ ದೂರದರ್ಶನದಲ್ಲಿ ಹಳೇ ರಾಮಾಯಣ ಬಂತು, ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಮಾವ ಪಕ್ಕದಲ್ಲಿ ಕೂತು ಮೊಮ್ಮಗಳಿಗೆ ಹಿಂದಿ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು.

ಈ ವರ್ಷ ಆ ಹುರುಪು ಯಾರಲ್ಲೂ ಇಲ್ಲ. ಮಾವ ಬೆಳಿಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಮುಂದೆ. ಆಕ್ಸಿಜನ್, ಬೆಡ್ಡು, ಚಿತಾಗಾರದ ಸಾಲು, ಅದೇ ದೃಶ್ಯ ಮತ್ತೆ ಮತ್ತೆ. ಸಂಜೆ ಪಾರ್ಕಿನ ಬೆಂಚಿನಲ್ಲಿ ಸಿಗುತ್ತಿದ್ದ ಗೆಳೆಯರಲ್ಲಿ ಒಬ್ಬರು ತೀರಿಕೊಂಡರು. ಅವತ್ತಿನಿಂದ ಮಾವನಿಗೆ ನಿದ್ದೆಯಿಲ್ಲ. ಮಗ ಮೊಬೈಲು ಬಿಡುವುದಿಲ್ಲ. ಮಗಳು ಬೇಜಾರು ಬೇಜಾರು ಅಂತ ನನ್ನ ಹಿಂದೆಯೇ ಸುತ್ತುತ್ತಾಳೆ.

ನೋಡಬೇಕಾದ ಸಿನಿಮಾ, ಸೀರೀಸ್ ಪಟ್ಟಿ ಬೇಡ. ಐದೂ ಜನ ಒಟ್ಟಿಗೆ ಕೂರುವಂಥದ್ದು ಏನಾದರೂ ನಿಮ್ಮ ಮನೆಯಲ್ಲಿ ನಡೆಯುತ್ತಿದ್ದರೆ ಹೇಳಿ.

ಸುಮ್ನೆ_ಒಬ್ಬ

ಮೊದಲು ಆ ನ್ಯೂಸ್ ಚಾನೆಲ್ ನಿಲ್ಲಿಸಿ. ಮಿಕ್ಕಿದ್ದೆಲ್ಲ ಆಮೇಲೆ.

ರೇಡಿಯೋ_ರಂಗಣ್ಣ

ಪೂರ್ತಿ ನಿಲ್ಲಿಸಿದರೆ ಹಿರಿಯರಿಗೆ ಇನ್ನೂ ಆತಂಕವಾಗುತ್ತದೆ. ನಮ್ಮಿಂದ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳುತ್ತೇವೆ. ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬಂದಾಗ ಮಗ ಅಂಕಿ ಓದಿ ಹೇಳುತ್ತಾನೆ. ದಿನಕ್ಕೆ ಅಷ್ಟೇ ಸುದ್ದಿ. ರೇಡಿಯೋದಲ್ಲಿ ಚೀರಾಟವಿಲ್ಲ, ಚಿತ್ರವಿಲ್ಲ. ವಿವಿಧ ಭಾರತಿ 102.9 ಹಾಕಿಟ್ಟರೆ ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಲೇ ಹಾಡು ಕೇಳಬಹುದು. ನಿಮ್ಮ ಮಾವನ ವಯಸ್ಸಿನವರಿಗೆ ರೇಡಿಯೋ ಅಂದರೆ ಮನೆಯವರಲ್ಲೊಬ್ಬರು.

ಅಗ್ರಹಾರದ_ಹುಡುಗಿ

ವಾಣಿ ಅಕ್ಕಾ, ಚೌಕಾಬಾರ ಹಾಕಿ. ಏನೂ ಕೊಳ್ಳಬೇಕಾಗಿಲ್ಲ.

ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದಕ್ಕೆ ಐದರ ಮನೆ ಬರೆಯಿರಿ. ನಾಲ್ಕೂ ಬದಿಯ ನಡುವಿನ ಮನೆಗೆ ಅಡ್ಡಗೆರೆ ಎಳೆದರೆ ಅದು ಕಟ್ಟೆ, ಅಲ್ಲಿದ್ದ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಟ್ಟನಡುವಿನದು ಹಣ್ಣಿನ ಮನೆ, ಕಾಯಿ ಅಲ್ಲಿ ಮುಟ್ಟಿದರೆ ಹಣ್ಣಾದ ಹಾಗೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಒಬ್ಬರಿಗೆ ಬಳೆ ಚೂರು, ಒಬ್ಬರಿಗೆ ಗುಂಡಿ, ಒಬ್ಬರಿಗೆ ಅಲಸಂದೆ ಕಾಳು, ಹೀಗೆ ಗುರುತು ಸಿಗುವಂಥದ್ದು ಯಾವುದಾದರೂ ಆಗುತ್ತದೆ.

ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಸಾಕು. ಡಬ್ಬದ ಹುಣಸೆಹಣ್ಣಿನಲ್ಲಿ ನಾಲ್ಕು ಬೀಜ ಖಂಡಿತ ಸಿಗುತ್ತವೆ. ತೊಳೆದು ಒಣಗಿಸಿ, ಒಂದು ಬದಿಯನ್ನು ಮಾತ್ರ ಒರಟು ಕಲ್ಲಿಗೆ ಉಜ್ಜಬೇಕು. ಕಂದು ಸಿಪ್ಪೆ ಹೋಗಿ ಬಿಳಿ ಕಾಣಬೇಕು, ಇನ್ನೊಂದು ಬದಿ ಹಾಗೇ ಇರಬೇಕು. ಉಜ್ಜುವಾಗ ಬೀಜ ಬಿಸಿಯಾಗಿ ಬೆರಳು ಚುರುಕ್ ಅನ್ನುತ್ತದೆ. ಈ ಕೆಲಸವನ್ನು ಮಗಳಿಗೆ ಕೊಡಿ, ಒಂದು ಮಧ್ಯಾಹ್ನ ಕಳೆಯುತ್ತದೆ.

ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು. ಎರಡಕ್ಕೂ ಇನ್ನೊಮ್ಮೆ ಹಾಕುವ ಅವಕಾಶ. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದಿರಬೇಕು. ಜಗಳ ಶುರುವಾಗುವುದೇ ಅಲ್ಲಿ.

ನಾಲ್ಕು ಜನ ಆಡಿ, ಐದನೆಯವರು ಗೆದ್ದವರ ಜಾಗಕ್ಕೆ ಬರಲಿ. ಯಾರ ವಯಸ್ಸೂ ಇಲ್ಲಿ ಲೆಕ್ಕಕ್ಕಿಲ್ಲ. ನಮ್ಮಜ್ಜಿಯನ್ನು ಇದರಲ್ಲಿ ಸೋಲಿಸಿದವರಿಲ್ಲ.

ಕೋಲಾರ_ಕುಮಾರ

ಹೊಡೆಯದೆ ಒಳಗೆ ಹೋಗುವಂತಿಲ್ಲ ಅನ್ನುವುದು ಎಲ್ಲ ಕಡೆ ಇಲ್ಲ. ನಮ್ಮಲ್ಲಿ ಹೋಗಬಹುದು.

ಅಗ್ರಹಾರದ_ಹುಡುಗಿ

ಹಾಗಾದರೆ ಆಟದಲ್ಲಿ ಖಾರವೇ ಇರುವುದಿಲ್ಲವಲ್ಲ! ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹಾರಿಕೊಂಡು ಆರಾಮಾಗಿ ಹಣ್ಣಾಗುತ್ತಾರೆ.

ಕೋಲಾರ_ಕುಮಾರ

ಚಿಕ್ಕ ಮಕ್ಕಳಿದ್ದಾಗ ಆ ನಿಯಮವೇ ಒಳ್ಳೆಯದು. ಒಂಬತ್ತರ ಹುಡುಗಿಗೆ ಇಡೀ ಆಟ ಒಂದು ಕಾಯಿಯೂ ಹಣ್ಣಾಗದಿದ್ದರೆ ಅಳು ಬರುತ್ತದೆ. ನಾಳೆ ಆಟಕ್ಕೆ ಕೂರುವುದಿಲ್ಲ.

ಎನ್.ಎಸ್_ಚಿತ್ರದುರ್ಗ

ಎಲ್ಲರದನ್ನೂ ಓದಿದೆ. ಒಂದು ಮಾತು ಕೇಳುತ್ತೇನೆ, ಕ್ಷಮಿಸಿ. ಊರಿಗೆ ಊರೇ ಉಸಿರಿಗಾಗಿ ಒದ್ದಾಡುತ್ತಿದೆ. ಒಬ್ಬೊಬ್ಬರ ಮನೆಯಲ್ಲಿ ಎರಡೆರಡು ಸಾವು. ಈ ಹೊತ್ತಿನಲ್ಲಿ ಮನರಂಜನೆ ಬೇಕಾ? ಹೊತ್ತು ಹೋಗದಿದ್ದರೆ ಒಂದು ವಾರ್ ರೂಮಿಗೋ ಸಹಾಯವಾಣಿಗೋ ಫೋನ್ ಮಾಡಿ ಸ್ವಯಂಸೇವೆಗೆ ಸೇರಬಹುದಲ್ಲ.

ಸುಮ್ನೆ_ಒಬ್ಬ

ಎಲ್ಲರೂ ಸೇರಲು ಆಗುತ್ತಾ ಸಾರ್? ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದಾರೆ. ಅವರನ್ನು ನೋಡಿಕೊಳ್ಳುವುದೂ ಒಂದು ಕೆಲಸವೇ.

ಎನ್.ಎಸ್_ಚಿತ್ರದುರ್ಗ

ನೋಡಿಕೊಳ್ಳುವುದು ಬೇರೆ, ಆಟ ಆಡುವುದು ಬೇರೆ.

ವಾರ್ಡಿನ_ಸಿಸ್ಟರ್

ಬೇರೆ ಅಲ್ಲ ಸರ್. ನಾನು ಕೋವಿಡ್ ವಾರ್ಡಿನಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದರೂ ಮನೆಯವರ ಜೊತೆ ಕೂರುವ ಹಾಗಿಲ್ಲ, ನನಗೆ ಬೇರೆ ಕೋಣೆ. ನನ್ನ ಮಗಳು ರಾತ್ರಿ ಊಟವಾದ ಮೇಲೆ ಬಾಗಿಲ ಆಚೆ ಚಾಪೆ ಹಾಸಿಕೊಂಡು ಕೂರುತ್ತಾಳೆ. ನಾನು ಈಚೆ. ಪದಬಂಧದ ಸುಳಿವನ್ನು ಅವಳು ಓದುತ್ತಾಳೆ, ನಾನು ಉತ್ತರ ಹೇಳುತ್ತೇನೆ. ತಪ್ಪಿದರೆ ಬಾಗಿಲು ಬಡಿಯುತ್ತಾಳೆ. ಕೆಲವು ದಿನ ಅಂತ್ಯಾಕ್ಷರಿ.

ದಿನವಿಡೀ ಕಂಡಿದ್ದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಮಲಗಿದರೆ ಮಾರನೇ ದಿನ ಪಿಪಿಇ ಹಾಕಲು ಕೈಯೇ ಬರುವುದಿಲ್ಲ. ಆ ಅರ್ಧ ಗಂಟೆಯ ಆಟದಿಂದ ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ವಾರ್ಡಿನಲ್ಲೂ ಅಷ್ಟೇ. ಸ್ವಲ್ಪ ಚೇತರಿಸಿಕೊಂಡವರು ಪಕ್ಕದ ಬೆಡ್ಡಿನವರ ಹತ್ತಿರ ಒಗಟು ಕೇಳುತ್ತಾರೆ, ಫೋನಿನಲ್ಲಿ ಹಾಡು ಹಾಕುತ್ತಾರೆ. ನಾವು ಬೇಡ ಅನ್ನುವುದಿಲ್ಲ.

ಎನ್.ಎಸ್_ಚಿತ್ರದುರ್ಗ

ಸಿಸ್ಟರ್, ನಿಮಗೆ ಕೈಮುಗಿಯುತ್ತೇನೆ. ಹೋದ ವಾರ ಹುಬ್ಬಳ್ಳಿಯಲ್ಲಿ ನನ್ನ ಚಿಕ್ಕಪ್ಪ ಹೋದರು. ನಾನು ಹೋಗಿ ಮುಖ ನೋಡಲೂ ಆಗಲಿಲ್ಲ. ಚಿಕ್ಕಮ್ಮನೂ ಇಬ್ಬರು ಮಕ್ಕಳೂ ಮನೆಯೊಳಗೇ ಇದ್ದಾರೆ. ಅದಕ್ಕೇ ಯಾರಾದರೂ ಆಟ ಅಂದರೆ ಕರುಳು ಹಿಂಡುತ್ತದೆ.

ವಾಣಿ_ವಿಜಯನಗರ

ಸರ್, ನಿಮ್ಮ ಸಂಕಟ ಅರ್ಥವಾಗುತ್ತದೆ. ಚಿಕ್ಕಮ್ಮನಿಗೆ ದಿನಾ ಫೋನ್ ಮಾಡುತ್ತಿರಿ.

ಕಡಲ_ತಡಿಯವಳು

ಓಂ ಶಾಂತಿ ಸರ್.

ನಮ್ಮದು ಉಡುಪಿ ಕಡೆ. ತೌಕ್ತೆ ಚಂಡಮಾರುತಕ್ಕೆ ನಿನ್ನೆಯಿಂದ ಕರೆಂಟಿಲ್ಲ, ನೆಟ್‌ವರ್ಕ್ ಈಗಷ್ಟೇ ಬಂತು. ಟಿವಿ, ಮೊಬೈಲು ಎರಡೂ ಇಲ್ಲದಾಗ ನಮ್ಮತ್ತೆ ಅಟ್ಟದಿಂದ ಚೆನ್ನೆಮಣೆ ಇಳಿಸಿದರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಕೆಂಪು ಮಂಜೊಟ್ಟಿ ಬೀಜ ಗುಳಿಗೆ ಬೀಳುವ ಸದ್ದು ಕೇಳಿದರೆ ಸಾಕು, ಮಕ್ಕಳು ತಾವಾಗಿಯೇ ಬಂದು ಕೂರುತ್ತಾರೆ. ಗಟ್ಟದ ಮೇಲಿನವರು ಅಳಿಗುಳಿ ಮಣೆ ಅನ್ನುವುದೂ ಇದನ್ನೇ.

ಮಣೆ ಇಲ್ಲದವರಿಗೆ ಒಂದು ಉಪಾಯ. ಫ್ರಿಜ್ಜಿನ ಐಸ್ ಟ್ರೇ ನೋಡಿ, ಎಷ್ಟೋ ಟ್ರೇಗಳಲ್ಲಿ ಸರಿಯಾಗಿ ಎರಡು ಸಾಲು, ಏಳೇಳು ಗುಳಿ ಇರುತ್ತವೆ. ಬೀಜದ ಬದಲು ಕಡಲೆಕಾಳು ಹಾಕಿ. ಚಿಕ್ಕ ಮಕ್ಕಳಿಗೆ ಕೂಡುವುದು ಕಳೆಯುವುದು ತಾನಾಗಿಯೇ ಬರುತ್ತದೆ.

ತುಳುವ_87

ಮಳೆಗಾಲದ ಆಟಿ ತಿಂಗಳಿಗೆ ಮೊದಲೇ ಮಣೆ ಇಳಿಸಿದಿರಾ! ನಮ್ಮಲ್ಲಿ ಆಟಿ ತಿಂಗಳಲ್ಲಿ ಮಾತ್ರ ಆಡುವುದು. ಅಕ್ಕತಂಗಿಯರನ್ನು ಎದುರುಬದುರು ಕೂರಿಸುವುದೂ ಇಲ್ಲ. ತುಳುವಿನ ಹಾಡುಗಥೆ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳವಾಗಿ, ಮಣೆಯಿಂದ ಹೊಡೆದು ಒಬ್ಬಳ ಪ್ರಾಣವೇ ಹೋಗುತ್ತದಲ್ಲ.

ಕಡಲ_ತಡಿಯವಳು

ಗೊತ್ತು ಮಾರಾಯ್ರೆ. ಅದಕ್ಕೇ ಅತ್ತೆ ಅಕ್ಕ ತಂಗಿಯನ್ನು ಒಂದೇ ಬದಿಗೆ ಕೂರಿಸಿ ತಾವು ಎದುರು ಕೂತರು. ಆಟಿವರೆಗೆ ಕಾಯುವುದು ಹೇಗೆ? ಆಟಿಯಲ್ಲಿ ಹೊರಗೆ ಮಳೆ, ಗದ್ದೆ ಕೆಲಸ ಮುಗಿದಿರುತ್ತದೆ, ಮನೆಯೊಳಗೇ ಇರಬೇಕು. ಈಗಲೂ ಅದೇ ಪರಿಸ್ಥಿತಿ ಅಲ್ವಾ?

ತುಳುವ_87

ಅದು ಸರಿ ಬಿಡಿ. ನಿಮ್ಮ ಕಡೆ ಎಲ್ಲರೂ ಕ್ಷೇಮವೇ? ಮರ ಬಿದ್ದಿದೆಯಂತೆ.

ಕಡಲ_ತಡಿಯವಳು

ಎರಡು ತೆಂಗು ಹೋಯಿತು. ಮನೆಗೆ ಏನೂ ಆಗಿಲ್ಲ.

ಡಿಕಾಕ್ಷನ್_ದಾಸ

ಹೋದ ವರ್ಷ ಎಲ್ಲರೂ ಡಾಲ್ಗೋನಾ ಕಾಫಿ ಮಾಡುತ್ತಿದ್ದರು. ಅದನ್ನೇ ಮಕ್ಕಳ ಕೈಯಲ್ಲಿ ಮಾಡಿಸಿ, ಕಲಕುವುದೇ ಒಂದು ಕೆಲಸ.

ಹಾಸನದ_ತೋಟ

ದಯವಿಟ್ಟು ಬೇಡ. ಕಾಫಿ ಬೆಳೆಯುವ ನಾಡಿನಲ್ಲಿ ಇನ್‌ಸ್ಟಂಟ್ ಪುಡಿ, ಸಕ್ಕರೆ, ಬಿಸಿನೀರು ಸಮಸಮ ಹಾಕಿ ಗಂಟೆಗಟ್ಟಲೆ ಕಲಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಫಿಲ್ಟರ್ ಡಿಕಾಕ್ಷನ್‌ನಲ್ಲಿ ಆ ನೊರೆ ಏಳುವುದೂ ಇಲ್ಲ. ಮಕ್ಕಳಿಗೆ ಡಿಕಾಕ್ಷನ್ ಇಳಿಸುವುದನ್ನು ಕಲಿಸಿ, ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಮಲೆನಾಡ_ಮನೆ

ಅಡುಗೆ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಶಿರಸಿ ಕಡೆ ಈಗ ಹಲಸಿನ ಹಪ್ಪಳದ ಕಾಲ. ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ ಅಂದರೆ ಇದೇ.

ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ಅಪ್ಪ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೊಯ್ಯುತ್ತಾರೆ, ಮಕ್ಕಳು ತೊಳೆ ಬಿಡಿಸಿ ಬೀಜ ತೆಗೆಯುತ್ತಾರೆ. ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಉಪ್ಪು, ಮೆಣಸಿನ ಪುಡಿ, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಬೇಕು. ತಣ್ಣಗಾದರೆ ಗಂಟು ಉಳಿಯುತ್ತದೆ. ನಿಂಬೆ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮೇಲೊಂದು ಮಣೆ ಇಟ್ಟು ಒತ್ತುವುದು. ಅಜ್ಜಿ ಹಾಳೆ ಬಿಡಿಸಿ ಚಾಪೆಯ ಮೇಲೆ ಹಾಕುತ್ತಾರೆ. ಆ ಹಸಿ ಹಿಟ್ಟಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ತಿನ್ನುವ ರುಚಿ ಹಪ್ಪಳಕ್ಕೂ ಇಲ್ಲ. ಕಾಗೆ ಕಾಯುವುದು ಮಕ್ಕಳ ಪಾಳಿ. ಅಲ್ಲೇ ಕಥೆ, ಒಗಟು, ಜಗಳ ಎಲ್ಲ ನಡೆಯುತ್ತದೆ.

ಕೆಲಸ ಬೇರೆ, ಮನರಂಜನೆ ಬೇರೆ ಅಂತ ನಮ್ಮ ಮನೆಯಲ್ಲಿ ಯಾರೂ ಯೋಚಿಸುವುದಿಲ್ಲ. ಎಲ್ಲರ ಕೈಗೂ ಒಂದೊಂದು ಕೆಲಸ ಬಂದರೆ ಬೇಜಾರಿಗೆ ಜಾಗ ಇರುವುದಿಲ್ಲ.

ಸುಮ್ನೆ_ಒಬ್ಬ

ಅವರು ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾರೆ. ಹಲಸಿನ ಮರ ಎಲ್ಲಿಂದ ತರಬೇಕು?

ಮಲೆನಾಡ_ಮನೆ

ಅಕ್ಕಿ ಸಂಡಿಗೆ ಹಾಕಬಹುದಲ್ಲ. ಅಕ್ಕಿ ಹಿಟ್ಟಿನ ಗಂಜಿ ಕಾಯಿಸಿ ಹಾಳೆ ಮೇಲೆ ಚಮಚದಲ್ಲಿ ಬಿಡುವುದು. ಬಾಲ್ಕನಿಗೆ ಎರಡು ಗಂಟೆ ಬಿಸಿಲು ಬಿದ್ದರೂ ನಾಲ್ಕು ದಿನದಲ್ಲಿ ಒಣಗುತ್ತದೆ.

ಸುಮ್ನೆ_ಒಬ್ಬ

ಈಗ ಮೋಡ ಇದೆ ಬೆಂಗಳೂರಿನಲ್ಲಿ.

ತಾರೆ_ಎಣಿಸುವವ

ಮೋಡ ಸರಿದ ದಿನ ಟೆರೇಸಿಗೆ ಹೋಗಿ. ಆಕಾಶಕ್ಕೆ ಲಾಕ್‌ಡೌನ್ ಇಲ್ಲ.

ಹೋದ ವರ್ಷ ಏಪ್ರಿಲ್ ಮೊದಲ ವಾರ ಶುಕ್ರ ಗ್ರಹ ಕೃತ್ತಿಕೆಯ ಗುಂಪಿನೊಳಗೇ ಬಂದಿತ್ತು. ಗಾಡಿ ಓಡಾಟವಿಲ್ಲದೆ ಗಾಳಿ ತಿಳಿಯಾಗಿ, ನಗರದ ನಡುವಿನಿಂದಲೂ ಚೆನ್ನಾಗಿ ಕಂಡಿತು. ಏಪ್ರಿಲ್ 24ಕ್ಕೆ ಬೆಂಗಳೂರಿನಲ್ಲಿ ನೆರಳಿಲ್ಲದ ದಿನ. ಮಧ್ಯಾಹ್ನ 12.17ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದಾಗ ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಅದರ ಬುಡದಲ್ಲೇ ಅಡಗಿತು. ನಮ್ಮ ಬೀದಿಯಲ್ಲಿ ಪ್ರತಿ ತಾರಸಿಯ ಮೇಲೂ ಲೋಟ, ಡಬ್ಬ ಇಟ್ಟುಕೊಂಡು ಜನ ನಿಂತಿದ್ದರು. ಒಂದು ತಾರಸಿಯಿಂದ ಇನ್ನೊಂದಕ್ಕೆ ಕೂಗಿ ಹೇಳುತ್ತಿದ್ದರು, ಹೋಯಿತು, ಹೋಯಿತು ಅಂತ.

ಈ ವರ್ಷದ ಏಪ್ರಿಲ್ ದಿನ ಮುಗಿದಿದೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ಬರುತ್ತದೆ. ಅದಕ್ಕಿಂತ ಮೊದಲು ಈ ತಿಂಗಳ ಕೊನೆಯ ವಾರ ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ತಗ್ಗಿನಲ್ಲಿ ನೋಡಿ, ಶುಕ್ರ ಮತ್ತು ಬುಧ ಅಕ್ಕಪಕ್ಕ ಬರುತ್ತವೆ, 28, 29ಕ್ಕೆ ತೀರಾ ಹತ್ತಿರ. ಬುಧನನ್ನು ಗುರುತು ಹಿಡಿಯುವುದು ಕಷ್ಟ. ಶುಕ್ರ ಪಕ್ಕದಲ್ಲಿದ್ದರೆ ಸುಲಭ. ಮಗನಿಗೆ ಹೇಳಿ, ಮೊಬೈಲು ಬೇಕಾದರೆ ಅದರಲ್ಲೇ ನಕ್ಷತ್ರ ನಕ್ಷೆಯ ಆ್ಯಪ್ ಹಾಕಿಕೊಳ್ಳಲಿ.

ಕೋಲಾರ_ಕುಮಾರ

26ಕ್ಕೆ ಚಂದ್ರಗ್ರಹಣ ಇದೆಯಲ್ಲ?

ತಾರೆ_ಎಣಿಸುವವ

ಇದೆ, ಆದರೆ ನಮಗೆ ಕಾಣುವುದಿಲ್ಲ. ನಮ್ಮಲ್ಲಿ ಚಂದ್ರ ಹುಟ್ಟುವ ಹೊತ್ತಿಗೆ ಮುಗಿದಿರುತ್ತದೆ. ಈಶಾನ್ಯ ರಾಜ್ಯಗಳ ಕಡೆ ಕೊನೆಯ ಭಾಗ ಸ್ವಲ್ಪ ಕಾಣಬಹುದು. ಹುಣ್ಣಿಮೆ ಚಂದ್ರ ಮಾತ್ರ ಮಾಮೂಲಿಗಿಂತ ದೊಡ್ಡದಾಗಿ ಕಾಣುತ್ತಾನೆ.

ಇಬ್ಬರು_ಮಕ್ಕಳ_ಅಪ್ಪ

ಎಲ್ಲ ಸರಿ. ಹದಿನಾಲ್ಕರ ಹುಡುಗ ಬರಬೇಕಲ್ಲ? ನನ್ನ ಮಗನೂ ಹಾಗೇ. ಊಟಕ್ಕೆ ಕರೆದರೂ ತಲೆ ಎತ್ತುವುದಿಲ್ಲ. ಹೋದ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾದಾಗ ಬದುಕಿದೆ ಅಂದುಕೊಂಡೆ. ವಾರದೊಳಗೆ ಇನ್ನೊಂದು ಗನ್ನಿನ ಆಟ ಬಂತು. ರಾತ್ರಿ ವೈಫೈ ಕಿತ್ತು ಬೀರುವಿನಲ್ಲಿ ಇಡುವುದೊಂದೇ ದಾರಿ.

ಡಿಗ್ರಿ_ಹುಡುಗ

ಅಂಕಲ್, ನನಗೆ ಇಪ್ಪತ್ತು. ಹದಿನಾಲ್ಕರ ಹುಡುಗನಿಗೆ ಒಂದು ವರ್ಷದಿಂದ ಸರಿಯಾಗಿ ಶಾಲೆಯಿಲ್ಲ, ಗ್ರೌಂಡಿಲ್ಲ. ಅವನ ಗೆಳೆಯರೆಲ್ಲ ಇರುವುದು ಆ ಆಟದ ಒಳಗೇ. ಅವರು ಆಡುವುದಕ್ಕಿಂತ ಜಾಸ್ತಿ ಮಾತಾಡುತ್ತಿರುತ್ತಾರೆ, ಹೆಡ್‌ಫೋನ್ ಹಾಕಿರುವುದು ಅದಕ್ಕೇ. ವೈಫೈ ಕಿತ್ತರೆ ಗೆಳೆಯರನ್ನೇ ಕಿತ್ತ ಹಾಗೆ. ನೀವು ಸಂಜೆ ಕಟ್ಟೆಗೆ ಹೋಗಬೇಡಿ ಅಂದರೆ ಸುಮ್ಮನಿರುತ್ತೀರಾ?

ಇಬ್ಬರು_ಮಕ್ಕಳ_ಅಪ್ಪ

ರಾತ್ರಿ ಎರಡು ಗಂಟೆಗೆ ಕಟ್ಟೆಯಲ್ಲಿ ಯಾರೂ ಕೂರುವುದಿಲ್ಲಪ್ಪ.

ಡಿಗ್ರಿ_ಹುಡುಗ

ಎರಡು ಗಂಟೆ ತಪ್ಪು, ಒಪ್ಪಿದೆ. ಹೊತ್ತು ಗೊತ್ತು ಮಾಡಿ. ಸಂಜೆ ಐದರಿಂದ ಏಳು ಅವನ ಗೆಳೆಯರಿಗೆ, ಎಂಟರಿಂದ ಒಂಬತ್ತು ಮನೆಯವರಿಗೆ. ಒಂದು ದಿನ ನೀವೂ ಅವನ ಪಕ್ಕ ಕೂತು ಆ ಆಟ ಕಲಿಸು ಅನ್ನಿ. ನಮ್ಮಪ್ಪ ಹಾಗೆ ಕೂತ ಮೇಲೆ ನಾನು ಅವರ ಜೊತೆ ಚೆಸ್‌ಗೆ ಕೂರಲು ಶುರು ಮಾಡಿದೆ.

ಹಳೇ_ಮೈಸೂರು

ಚೆಸ್ ಅಂದಿರಲ್ಲ, ಹದಿನಾಲ್ಕರವನಿಗೆ ಹೇಳಿ ಮಾಡಿಸಿದಂಥ ಒಂದು ಒಗಟು ಇದೆ. ಖಾಲಿ ಚದುರಂಗದ ಹಾಸಿನ ಮೇಲೆ ಕುದುರೆಯನ್ನು ಮಾತ್ರ ಇಟ್ಟು, 64 ಮನೆಗೂ ಒಂದೊಂದೇ ಸಲ ಹೋಗಿ ಬರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರಲ್ಲಿ ಬಹಳ ಆಸಕ್ತಿ, ಬಗೆಬಗೆಯ ಕುದುರೆ ನಡೆಗಳನ್ನು ಅವರೇ ಬಿಡಿಸಿಟ್ಟಿದ್ದಾರೆ. ಕಾಗದದಲ್ಲಿ 64 ಚೌಕ ಹಾಕಿ 1, 2, 3 ಅಂತ ಸಂಖ್ಯೆ ಬರೆಯುತ್ತಾ ಹೋಗಲಿ. ಮೊದಲು ಮೂಲೆಯ ಮನೆಗಳನ್ನು ಮುಗಿಸಿಕೊಳ್ಳಬೇಕು, ಕೊನೆಗೆ ಉಳಿಸಿದರೆ ಸಿಕ್ಕಿಬೀಳುತ್ತಾನೆ. ಇಷ್ಟು ಸುಳಿವು ಸಾಕು.

ಹಳೆಯ ಮಣೆ ಆಟಗಳ ಬಗ್ಗೆ ಆಸಕ್ತಿ ಇರುವವರಿಗೆ: ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅಂತ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ. ಪಗಡೆ, ಹುಲಿ ಕುರಿ ಆಟ, ಚೌಕಾಬಾರ ಎಲ್ಲ ಇರುತ್ತವೆ. ಎಲ್ಲ ತೆರೆದ ಮೇಲೆ ಒಮ್ಮೆ ಹೋಗಿ ನೋಡಿ.

ನಿವೃತ್ತ_ಮೇಷ್ಟ್ರು

ವಾಣಿಯಮ್ಮ, ಎಲ್ಲರೂ ಮಕ್ಕಳ ಬಗ್ಗೆಯೇ ಹೇಳುತ್ತಿದ್ದಾರೆ. ನಾನು ನಿಮ್ಮ ಮಾವನ ವಯಸ್ಸಿನವನು, ಅವರ ಪರವಾಗಿ ಹೇಳುತ್ತೇನೆ.

ನಮಗೆ ಯಾರೂ ಹೊತ್ತು ಕಳೆಯುವುದನ್ನು ಕಲಿಸಬೇಕಾಗಿಲ್ಲ. ನಮ್ಮನ್ನು ಯಾರಾದರೂ ಏನಾದರೂ ಕೇಳಬೇಕು, ಅಷ್ಟೇ. ಪಾರ್ಕಿನ ಬೆಂಚಿನಲ್ಲಿ ಆಗುತ್ತಿದ್ದುದೂ ಅದೇ. ಒಬ್ಬರು ಕೇಳುತ್ತಾರೆ, ಒಬ್ಬರು ಹೇಳುತ್ತಾರೆ. ಟಿವಿ ನಮ್ಮನ್ನು ಏನೂ ಕೇಳುವುದಿಲ್ಲ. ಅದರ ಮುಂದೆ ಕೂತವನಿಗೆ ಭಯ ಮಾತ್ರ ಉಳಿಯುತ್ತದೆ.

ಮಾವನಿಗೆ ಏನು ಬರುತ್ತದೆ ನೋಡಿ. ಲೆಕ್ಕ ಬರುತ್ತದಾ, ಹಳೇ ಪದ್ಯ ಬರುತ್ತದಾ, ಕೊಡೆ ರಿಪೇರಿ ಬರುತ್ತದಾ? ಅದನ್ನು ಮೊಮ್ಮಕ್ಕಳಿಗೆ ಕಲಿಸಲು ಕೇಳಿ. ದಿನಾ ಅದೇ ಹೊತ್ತಿಗೆ ಕೇಳಿ. ಸಂಜೆ ಐದಕ್ಕೆ ಒಬ್ಬರು ತನಗಾಗಿ ಕಾಯುತ್ತಿದ್ದಾರೆ ಅಂದರೆ ಮಧ್ಯಾಹ್ನವೇ ಶೇವ್ ಮಾಡಿಕೊಂಡು ಸಿದ್ಧರಾಗುತ್ತಾರೆ.

ನಾನು ಸಂಜೆ ಮೂವರು ಹಳೇ ಸಹೋದ್ಯೋಗಿಗಳನ್ನು ಒಂದೇ ಕರೆಗೆ ಸೇರಿಸಿಕೊಂಡು ಕುಮಾರವ್ಯಾಸ ಭಾರತ ಓದುತ್ತೇನೆ. ಒಬ್ಬರು ಗಮಕದಲ್ಲಿ ಹಾಡುತ್ತಾರೆ, ನಾನು ಅರ್ಥ ಹೇಳುತ್ತೇನೆ, ಉಳಿದಿಬ್ಬರು ತಕರಾರು ತೆಗೆಯುತ್ತಾರೆ. ಎಷ್ಟೋ ದಿನ ಒಂದೇ ಷಟ್ಪದಿಯಲ್ಲಿ ಸಂಜೆ ಮುಗಿಯುತ್ತದೆ.

ಅಗ್ರಹಾರದ_ಹುಡುಗಿ

ಮೇಷ್ಟ್ರೇ, ಈ ಮಾತನ್ನು ನಮ್ಮಪ್ಪನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು.

ಅಕ್ಷರ_ಕೂಲಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೇ ಪುಸ್ತಕಗಳ ಪುಟಗಳಿವೆ. ಎಡಕ್ಕೆ ಅಕ್ಷರ, ಬಲಕ್ಕೆ ಸ್ಕ್ಯಾನ್ ಆದ ಪುಟ. ಎರಡನ್ನೂ ಹೋಲಿಸಿ ತಪ್ಪು ತಿದ್ದುವುದೇ ಕೆಲಸ. ಕಂಪ್ಯೂಟರ್ ಒತ್ತಕ್ಷರ ತಪ್ಪಾಗಿ ಓದಿರುತ್ತದೆ. ಹಳೇ ಕನ್ನಡದ ಪರಿಚಯ ಇರುವ ಹಿರಿಯರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಟೈಪಿಂಗ್ ಬರದಿದ್ದರೆ ಮೊಮ್ಮಗ ಕೀಲಿಮಣೆಯಲ್ಲಿ, ತಾತ ಪಕ್ಕದಲ್ಲಿ. ಒಂದು ಪುಟ ಮುಗಿದರೆ ಕನ್ನಡಕ್ಕೆ ಒಂದು ಪುಟ ಉಳಿಯಿತು.

ಹಳ್ಳಿ_ಹೈದ

ನಮ್ಮ ಕಡೆ ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು. ವಿಕಿ ಎಲ್ಲ ದೂರದ ಮಾತು. ಜಾತ್ರೆ ನಿಂತು ಎರಡು ವರ್ಷ, ವಾಲಿಬಾಲ್ ನೆಟ್ ಕಟ್ಟಿಲ್ಲ. ಹುಡುಗರು ಮರದ ಕೆಳಗೆ ಇಸ್ಪೀಟಿಗೆ ಕೂರುತ್ತಾರೆ.

ವಾರ್ಡಿನ_ಸಿಸ್ಟರ್

ಅದನ್ನು ಮೊದಲು ನಿಲ್ಲಿಸಿ ಅಣ್ಣ. ಒಂದೇ ಎಲೆ ಎಂಟು ಕೈ ದಾಟುತ್ತದೆ, ಮಾಸ್ಕಿಲ್ಲದೆ ತಲೆಗೆ ತಲೆ ತಾಗಿಸಿ ಕೂತಿರುತ್ತಾರೆ. ಹಳ್ಳಿಗಳಿಂದ ಒಂದೇ ಗುಂಪಿನ ನಾಲ್ಕೈದು ಜನ ಒಟ್ಟಿಗೆ ಬಂದಿದ್ದನ್ನು ನೋಡಿದ್ದೇನೆ. ಆಟ ಮನೆಯೊಳಗಿನವರ ಜೊತೆ ಮಾತ್ರ.

ಹಳ್ಳಿ_ಹೈದ

ಹೇಳುತ್ತೇನೆ ಸಿಸ್ಟರ್. ಕೇಳಿದರೆ ಪುಣ್ಯ.

ಮೆಲ್ಬರ್ನ್_ದಾವಣಗೆರೆ

ಹೋದ ವರ್ಷ ಮೆಲ್ಬರ್ನ್‌ನಲ್ಲಿ ನಮಗೆ ಜುಲೈನಿಂದ ಅಕ್ಟೋಬರ್ ಕೊನೆಯವರೆಗೆ ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರ್ ಒಳಗೆ ಮಾತ್ರ ಓಡಾಟ, ದಿನಕ್ಕೆ ಒಂದು ಗಂಟೆ ವ್ಯಾಯಾಮ, ರಾತ್ರಿ ಕರ್ಫ್ಯೂ. ಅಮ್ಮ ದಾವಣಗೆರೆಯಲ್ಲಿ ಒಬ್ಬರೇ. ಹೇಗಿದ್ದೀಯ, ಊಟ ಆಯಿತಾ ಅಂತ ಕೇಳಿದ ಮೇಲೆ ಮಾತೇ ಇರುತ್ತಿರಲಿಲ್ಲ. ಆಗ ಒಂದು ಕಾದಂಬರಿ ತೆಗೆದುಕೊಂಡು ದಿನಾ ಒಂದು ಅಧ್ಯಾಯ ಫೋನಿನಲ್ಲಿ ಓದಲು ಶುರು ಮಾಡಿದೆ. ಅಮ್ಮ ಅವರೆಕಾಳು ಸುಲಿಯುತ್ತಾ, ಬಟ್ಟೆ ಮಡಚುತ್ತಾ ಕೇಳುತ್ತಿದ್ದರು. ಮರುದಿನ ಫೋನ್ ಎತ್ತಿದ ಕೂಡಲೇ ಅವರೇ ಶುರು ಮಾಡುತ್ತಿದ್ದರು, ಆ ಹುಡುಗಿ ಮಾಡಿದ್ದು ತಪ್ಪು ಅಂತ. ಮಾತು ತಾನಾಗಿಯೇ ಬಂತು.

ನೆಂಟರೆಲ್ಲ ಸೇರಿ ಜೂಮ್‌ನಲ್ಲಿ ತಂಬೋಲ ಆಡಿದ್ದೂ ಉಂಟು. ದುಡ್ಡು ಕೊಡದಿದ್ದರೆ ನಲವತ್ತು ನಿಮಿಷಕ್ಕೆ ಕರೆ ಕಡಿದು ಹೋಗುತ್ತದೆ. ಅದು ಒಳ್ಳೆಯದೇ ಆಯಿತು, ಯಾರಿಗೂ ಸಾಕು ಅನ್ನಿಸುವ ಮೊದಲೇ ಮುಗಿಯುತ್ತಿತ್ತು.

ಚೆಂಡೆ_ಮದ್ದಳೆ

ಯಕ್ಷಗಾನ ಇಷ್ಟಪಡುವವರು ಯೂಟ್ಯೂಬ್‌ನಲ್ಲಿ ತಾಳಮದ್ದಳೆ ಕೇಳಿ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಪದ್ಯ ಮತ್ತು ಅರ್ಥ. ಕೇಳುತ್ತಲೇ ಕೆಲಸ ಮಾಡಬಹುದು.

ಆದರೆ ಒಂದು ವಿನಂತಿ. ಮೇಳಗಳ ತಿರುಗಾಟ ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳುವರ ಬೇಷ ತಿಂಗಳ ಹತ್ತನೇ ದಿನಕ್ಕೆ, ಮುಗಿಯಬೇಕು. ಹೋದ ವರ್ಷ ಮಾರ್ಚ್‌ನಲ್ಲೇ ನಿಂತಿತು. ಈ ಸಲ ರಾತ್ರಿ ಕರ್ಫ್ಯೂ ಬಂದ ಮೇಲೆ ಬೆಳಗಿನವರೆಗಿನ ಆಟ ಎಲ್ಲಿ ನಡೆಯುತ್ತದೆ? ಎರಡು ವರ್ಷದ ಸಂಪಾದನೆ ಹೋಗಿದೆ. ಬಣ್ಣದ ವೇಷದವರು ಮೀನು ಮಾರಲು, ಕೂಲಿಗೆ ಹೋಗಿದ್ದನ್ನು ಕಂಡಿದ್ದೇನೆ. ಯಾವುದಾದರೂ ಕಲಾವಿದರ ತಂಡ ಆನ್‌ಲೈನ್ ಪ್ರದರ್ಶನ ಕೊಟ್ಟರೆ ಪುಕ್ಕಟೆ ನೋಡಿ ಲೈಕ್ ಒತ್ತಿ ಹೋಗಬೇಡಿ. ನೂರು ರೂಪಾಯಿ ಹಾಕಿ. ನಾಟಕ ಕಂಪನಿಯವರು, ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವವರು, ಗೊಂಬೆಯಾಟದವರು, ಎಲ್ಲರ ಪಾಡೂ ಇದೇ.

ಸುಮ್ನೆ_ಒಬ್ಬ

ಇದು ನಿಜಕ್ಕೂ ಹೇಳಬೇಕಾದ ಮಾತು. ಹಾಕುತ್ತೇನೆ.

ಚಂದನ_ಪ್ರೇಮಿ

‘ಥಟ್ ಅಂತ ಹೇಳಿ’ಯ ಹಳೇ ಸಂಚಿಕೆಗಳನ್ನು ಹಾಕಿ, ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ, ಮನೆಯವರೇ ಉತ್ತರ ಹೇಳುವುದು. ಅಲ್ಲಿ ಗೆದ್ದವರಿಗೆ ಪುಸ್ತಕ ಕೊಡುತ್ತಾರೆ, ನಮ್ಮಲ್ಲಿ ಗೆದ್ದವರು ಮರುದಿನದ ತಿಂಡಿ ಏನು ಅಂತ ತೀರ್ಮಾನ ಮಾಡುತ್ತಾರೆ.

ವಾಣಿ_ವಿಜಯನಗರ · ಮೇ 22

ಎಲ್ಲರಿಗೂ ಧನ್ಯವಾದ. ಜೂನ್ 7ರವರೆಗೆ ಮುಂದುವರಿಸಿದ್ದಾರೆ, ಗೊತ್ತಾಗಿರಬೇಕು.

ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ಮಾವ ರೈಲ್ವೆಯಲ್ಲಿದ್ದವರು. ಮಗನ ಹತ್ತಿರ, ತಾತನಿಗೆ ಮೀಟರ್‌ಗೇಜ್ ಕಾಲದ ನಿಲ್ದಾಣಗಳ ಹೆಸರು ಸಾಲಾಗಿ ಬರುತ್ತದಂತೆ, ಕೇಳಿ ಬರೆದುಕೋ ಅಂದೆ. ಬೆಂಗಳೂರಿನಿಂದ ಹರಿಹರದವರೆಗೆ ಬಾಯಲ್ಲೇ ಹೇಳಿದರು. ಅವನು ಮ್ಯಾಪಿನಲ್ಲಿ ಹುಡುಕಿ ಗುರುತು ಹಾಕುತ್ತಿದ್ದಾನೆ. ಟಿವಿ ಪೂರ್ತಿ ನಿಂತಿಲ್ಲ, ಬೆಳಿಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆಗೆ ಇಳಿದಿದೆ.

ಚೌಕಾಬಾರವೂ ನಡೆಯುತ್ತಿದೆ. ಮಾವ ಹೊಡೆಯದೆ ಒಳಗೆ ಬಿಡುವುದಿಲ್ಲ ಅನ್ನುತ್ತಾರೆ, ಮಗಳು ಕೋಲಾರದ ಅಂಕಲ್ ಬಿಡಬಹುದು ಅಂದಿದ್ದಾರೆ ಅನ್ನುತ್ತಾಳೆ.

ಕೋಲಾರ_ಕುಮಾರ

ಮಗಳಿಗೆ ನನ್ನ ಬೆಂಬಲವಿದೆ ಅಂತ ಹೇಳಿ.

ಎನ್.ಎಸ್_ಚಿತ್ರದುರ್ಗ

ನಾನೂ ಒಂದು ಕೇಳಬೇಕಿತ್ತು. ಚಿಕ್ಕಪ್ಪನ ಮಕ್ಕಳು ಹನ್ನೊಂದು, ಹದಿಮೂರು ವರ್ಷದವರು. ದಿನಾ ಫೋನ್ ಮಾಡುತ್ತೇನೆ. ಹೂಂ, ಊಹೂಂ ಬಿಟ್ಟು ಮಾತಿಲ್ಲ. ಅವರ ಜೊತೆ ಫೋನಿನಲ್ಲೇ ಆಡುವಂಥದ್ದು ಏನಾದರೂ ಇದೆಯಾ? ಆ್ಯಪ್ ಬೇಡ, ಚಿಕ್ಕಮ್ಮನ ಫೋನ್ ಹಳೆಯದು.

ಅಗ್ರಹಾರದ_ಹುಡುಗಿ

ಚೌಕಾಬಾರವೇ ಆಗುತ್ತದೆ ಸರ್. ನೀವೊಂದು ಹಾಸು ಬರೆದುಕೊಳ್ಳಿ, ಅವರೊಂದು ಬರೆಯಲಿ. ಎರಡೂ ಕಡೆ ಎಲ್ಲರ ಕಾಯಿಯನ್ನೂ ಇಡಬೇಕು. ಮನೆಗಳಿಗೆ 1ರಿಂದ 25 ಸಂಖ್ಯೆ ಕೊಡಿ. ನೀವು ಬೀಜ ಹಾಕಿ, ಮೂರು ಬಿತ್ತು, ಏಳನೇ ಮನೆಯ ಕಾಯಿ ಹತ್ತಕ್ಕೆ ಅನ್ನಿ. ಅವರು ತಮ್ಮ ಹಾಸಿನಲ್ಲಿ ನಿಮ್ಮ ಕಾಯಿ ನಡೆಸುತ್ತಾರೆ. ನಾನು ಧಾರವಾಡದ ಗೆಳತಿಯ ಜೊತೆ ಹೀಗೇ ಆಡುತ್ತೇನೆ.

ನಿವೃತ್ತ_ಮೇಷ್ಟ್ರು

ಮಕ್ಕಳು ನಿಮಗೆ ಕಲಿಸುವಂತೆ ಕೇಳಿ. ಹುಬ್ಬಳ್ಳಿ ಕಡೆಯ ನಿಯಮ ಹೇಗೆ ಅಂತ ಅವರೇ ಹೇಳಲಿ. ಅವರಪ್ಪ ಹೇಗೆ ಆಡುತ್ತಿದ್ದರು ಅನ್ನುವುದು ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಎತ್ತಬೇಡಿ.

ಎನ್.ಎಸ್_ಚಿತ್ರದುರ್ಗ

ಆಗಲಿ ಮೇಷ್ಟ್ರೇ. ಹುಣಸೆ ಬೀಜ ಉಜ್ಜಲು ಕೂತಿದ್ದೇನೆ.

ಹಳೇ_ಮೈಸೂರು

ಶುರು ಮಾಡುವ ಮೊದಲೇ ಗಟ್ಟಿ ಕಾಯಿಯ ನಿಯಮ ತೀರ್ಮಾನ ಮಾಡಿಕೊಳ್ಳಿ. ಎರಡು ಕಾಯಿ ಒಂದೇ ಮನೆಯಲ್ಲಿ ಗಟ್ಟಿಯಾದರೆ ಒಂಟಿ ಕಾಯಿ ಅದನ್ನು ಹೊಡೆಯಬಹುದಾ ಇಲ್ಲವಾ ಅಂತ. ಊರಿಗೊಂದು ನಿಯಮ ಇದೆ.

ಕೋಲಾರ_ಕುಮಾರ

ಹೊಡೆಯುವಂತಿಲ್ಲ. ಗಟ್ಟಿಯನ್ನು ಗಟ್ಟಿಯೇ ಹೊಡೆಯಬೇಕು.

ಅಗ್ರಹಾರದ_ಹುಡುಗಿ

ಈ ಒಂದು ವಿಷಯದಲ್ಲಿ ಕೋಲಾರದವರ ಮಾತು ಒಪ್ಪುತ್ತೇನೆ.